ಸುನಾಮಿ ಬಂದ ಊರಲ್ಲಿ ಮಕ್ಕಳು ಸುನಾಮಿ ಆಟ ಆಡಿದರೆ ತಡೀಬೇಕಾ? (ಸಾಹಸ ಆಟದ ಜಾಗ ಮಾಡೋ ಬಗ್ಗೆ)

ಘಟ್ಟದಂಚು
2011ರ ಮಾರ್ಚ್ 11ರ ಭೂಕಂಪ, ಸುನಾಮಿ ಆದಮೇಲೆ ಜಪಾನಿನ ಕೆಸೆನ್ನುಮಾ ಅನ್ನೋ ಬಂದರು ಊರಲ್ಲಿ ಏಪ್ರಿಲ್ ತಿಂಗಳಲ್ಲೇ ಮಕ್ಕಳಿಗೊಂದು ಸಾಹಸ ಆಟದ ಜಾಗ ಶುರುವಾಯ್ತು. ಜಾರುಬಂಡಿ, ಉಯ್ಯಾಲೆ ತಂದು ನಿಲ್ಲಿಸಿದ ಪಾರ್ಕ್ ಅಲ್ಲ ಅದು. ಹಲಗೆ, ಹಗ್ಗ, ಸುತ್ತಿಗೆ, ಮಣ್ಣು, ನೀರು, ಬೆಂಕಿ ಇಟ್ಟು, ಜೊತೆಗೆ ಒಂದಿಬ್ಬರು ದೊಡ್ಡವರನ್ನ ಬಿಟ್ಟ ಜಾಗ. ಏನು ಕಟ್ಟಬೇಕು, ಏನು ಕೆಡವಬೇಕು ಅನ್ನೋದು ಮಕ್ಕಳಿಗೇ ಬಿಟ್ಟಿದ್ದು.

2018ರ ಆಗಸ್ಟಿನಲ್ಲಿ ಕೊಡಗು ಕುಸಿದಾಗ, 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಆದಾಗ ಮಕ್ಕಳು ವಾರಗಟ್ಟಲೆ ಶಾಲೆ ಹಾಲ್‌ಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ಇದ್ದರಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಊರಿನವರೇ ಸೇರಿ ಇಂಥದ್ದಕ್ಕೆ ತಯಾರಿ ಮಾಡಿಟ್ಟುಕೊಳ್ಳೋದು ಹೇಗೆ? ಮೂರು ಪ್ರಶ್ನೆ:

ಸಾಮಾನು ಏನು, ಎಷ್ಟು? ಜಾಗ ಆರಿಸೋದು ಹೇಗೆ? ಮಕ್ಕಳು ಅನಾಹುತವನ್ನೇ ಆಟ ಮಾಡಿಕೊಂಡರೆ (ಅಲ್ಲಿ ಸುನಾಮಿ, ಇಲ್ಲಿ ಗುಡ್ಡ ಕುಸಿತ) ದೊಡ್ಡವರು ಏನು ಮಾಡಬೇಕು?

ಬುಗುರಿ
ಒಳ್ಳೆ ಪ್ರಶ್ನೆ. ಹಿನ್ನೆಲೆ ಸ್ವಲ್ಪ ಹೇಳ್ತೀನಿ, ಇಲ್ಲದಿದ್ರೆ "ಜಪಾನ್ ಸರ್ಕಾರ ಮಾಡ್ತು, ನಮ್ಮ ಸರ್ಕಾರ ಮಾಡಲ್ಲ" ಅಂತ ಚರ್ಚೆ ದಾರಿ ತಪ್ಪುತ್ತೆ. ಕೆಸೆನ್ನುಮಾದ್ದು ಸರ್ಕಾರಿ ಯೋಜನೆ ಅಲ್ಲ. ಜಪಾನಿನ ಸಾಹಸ ಆಟದ ಜಾಗಗಳ ಸಂಘದವರು ಊರಿನವರ ಜೊತೆ ಸೇರಿ ಮಾಡಿದ್ದು. ಅದರ ಹಿಂದಿದ್ದ ಹಿದೆಆಕಿ ಅಮಾನೊ ಇದಕ್ಕೆ ಹೊಸಬರಲ್ಲ. 1995ರ ಕೋಬೆ ಭೂಕಂಪದಲ್ಲಿ ಸುಟ್ಟು ಹೋದ ನಾಗಾತಾ ವಾರ್ಡಿನಲ್ಲೂ ಅವರು ಇದೇ ಕೆಲಸ ಮಾಡಿದ್ದರು. ಅದಕ್ಕೂ ಹಿಂದೆ, 1979ರಲ್ಲಿ ಟೋಕಿಯೋದ ಸೆತಗಾಯಾದಲ್ಲಿ ನಿವಾಸಿಗಳು ಹಾನೆಗಿ ಪ್ಲೇಪಾರ್ಕ್ ಶುರು ಮಾಡಿದ್ದರು. ಅಂದ್ರೆ 2011ರಲ್ಲಿ ಅಷ್ಟು ಬೇಗ ಮಾಡೋಕಾಯ್ತು ಅಂದ್ರೆ ಅದರ ಹಿಂದೆ ಮೂವತ್ತು ವರ್ಷದ ರೂಢಿ ಇತ್ತು. ಸುತ್ತಿಗೆ ಹಿಡಿದ ಮಗು ಕಂಡು ಗಾಬರಿ ಬೀಳದ ದೊಡ್ಡವರು ಮೊದಲೇ ತಯಾರಿದ್ದರು.

ಮೂರನೇ ಬೆಂಚು
ಜಪಾನಿನವರಿಂದ ಇದನ್ನ ಕಲೀಬೇಕಾ? ನಮ್ಮ ಮಕ್ಕಳು ಗದ್ದೆ, ತೋಡು, ಮರ ಹತ್ತೇ ಬೆಳೆದವರು. ಬಿಟ್ಟರೆ ತಾವೇ ಆಡ್ಕೋತಾರೆ.

ಬುಗುರಿ
ಬಿಡೋಕೆ ಜಾಗ ಎಲ್ಲಿ ಸ್ವಾಮಿ? ಗದ್ದೆ ಮೇಲೆ ಗುಡ್ಡ ಕೂತಿದೆ, ತೋಡು ದಾರಿ ಬದಲಿಸಿದೆ. ಶಾಲೆ ಮೈದಾನದಲ್ಲಿ ಜೆಸಿಬಿ, ಲಾರಿ, ಅಕ್ಕಿ ಮೂಟೆ. 2011ರ ಸುನಾಮಿ ಬಡಿದ ತೋಹೊಕು ಪ್ರಾಂತ್ಯದಲ್ಲಿ ಆಗಿದ್ದೂ ಇದೇ. ಸಮತಟ್ಟು ನೆಲ ಅಂತ ಉಳಿದಿದ್ದು ಶಾಲೆ ಮೈದಾನ, ಅದರ ತುಂಬ ತಾತ್ಕಾಲಿಕ ಮನೆ ಕಟ್ಟಿದರು. ಗೋಡೆ ತೆಳು, ಪಕ್ಕದ ಮನೆಯಲ್ಲಿ ವಯಸ್ಸಾದವರು, ಮಕ್ಕಳು ದನಿ ಎತ್ತೋ ಹಾಗಿಲ್ಲ. ಫುಕುಶಿಮಾದಲ್ಲಂತೂ ವಿಕಿರಣದ ಭಯಕ್ಕೆ ಹೊರಗಿನ ಆಟಕ್ಕೇ ಕಡಿವಾಣ ಬಿತ್ತು. ಕೊರಿಯಾಮಾದಲ್ಲಿ 2011ರ ಡಿಸೆಂಬರಿನಲ್ಲಿ ಸೂರಿನ ಕೆಳಗೇ ಮರಳು ತುಂಬಿ ಒಳಾಂಗಣ ಆಟದ ಮನೆ ತೆರೆದರು.

ಕೆಸರುಕಾಲು
ಮೂರನೇ ಬೆಂಚು, ಇನ್ನೊಂದು ವಿಷಯ. ಅನಾಹುತ ಆದ ಊರಲ್ಲಿ ಮಕ್ಕಳು ತಾವಾಗೇ ತುಂಬ "ಒಳ್ಳೆಯವರು" ಆಗ್ಬಿಡ್ತಾರೆ. ಅಪ್ಪ ಅಮ್ಮ ಅರ್ಜಿ, ಆಧಾರ್, ಪರಿಹಾರದ ಚೆಕ್ಕು ಅಂತ ಓಡಾಡ್ತಿರ್ತಾರೆ, ಮಕ್ಕಳು ತೊಂದರೆ ಕೊಡಬಾರದು ಅಂತ ಮೂಲೆ ಹಿಡೀತಾರೆ. ಆ ಮೌನ ನೋಡಿ ದೊಡ್ಡವರು "ಪಾಪ, ಮಕ್ಕಳು ಬೇಗ ಹೊಂದ್ಕೊಂಡ್ವು" ಅಂತಾರೆ. ಎರಡು ತಿಂಗಳು ಕಳೆದ ಮೇಲೆ ಹಾಸಿಗೆ ಒದ್ದೆ, ಹೊಟ್ಟೆನೋವು, ಜಗಳ ಶುರು.

ಹಗ್ಗಗಂಟು
ಮೊದಲ ಪ್ರಶ್ನೆಗೆ ಬರ್ತೀನಿ. 30-40 ಮಕ್ಕಳು ಬರೋ ಜಾಗಕ್ಕೆ ಸಾಕಾಗೋ ಲೆಕ್ಕ:

ಇಡೀ ಬಿದಿರು 20 (ಹಸಿರು ಬಣ್ಣ ಪೂರ್ತಿ ಹೋಗಿರದ್ದು, ಹಳೇದು ಸೀಳುತ್ತೆ). ಹಲಗೆ, ರೀಪು ಸೇರಿ ಒಂದು ಆಟೋ ಲೋಡು. ಗೋಣಿಚೀಲ 30. ತಾಡಪಾಲು 15×18 ಅಡಿಯದ್ದು 3. ಸೈಕಲ್ ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಷ್ಟು, ಒಂದಿಂಚು ಅಗಲದ ಪಟ್ಟಿ ಮಾಡಿ. ಈ ಟ್ಯೂಬ್ ಪಟ್ಟಿಯಷ್ಟು ಉಪಯೋಗದ ವಸ್ತು ಬೇರೆ ಇಲ್ಲ. ಆರು ವರ್ಷದ ಮಗುವಿಗೆ ಗಂಟು ಹಾಕೋಕೆ ಬರಲ್ಲ, ಆದ್ರೆ ಪಟ್ಟಿಯನ್ನ ಎಳೆದು ಎಳೆದು ಸುತ್ತಿ ತುದಿ ಒಳಗೆ ಸಿಕ್ಕಿಸಿದರೆ ಎರಡು ಬಿದಿರು ಗಟ್ಟಿಯಾಗಿ ನಿಲ್ಲುತ್ತೆ. ಬಿದಿರಿಗೆ ಮೊಳೆ ಹೊಡೀಬೇಡಿ, ಸೀಳು ಬಂದು ಅದರ ಅಂಚು ಬ್ಲೇಡಿನ ಹಾಗೆ ಕೈ ಕೊಯ್ಯುತ್ತೆ. ಕತ್ತರಿಸುವಾಗ ಗಿಣ್ಣಿನ ಪಕ್ಕದಲ್ಲೇ ಕತ್ತರಿಸಿ. ತುದಿ ಮುಚ್ಚಿರುತ್ತೆ, ನೀರೂ ನಿಲ್ಲಲ್ಲ.

ಸುತ್ತಿಗೆ 250 ಗ್ರಾಂನದ್ದು 6. ಅರ್ಧ ಕೇಜಿಯದ್ದು ಕೊಟ್ಟರೆ ಮಣಿಕಟ್ಟು ತಿರುಗಿ ಬೆರಳಿಗೇ ಬೀಳುತ್ತೆ. ಮೊಳೆ 2 ಇಂಚಿನದ್ದು 3 ಕೇಜಿ, ಗರಗಸ 2, ಇಕ್ಕಳ 2, ಸಣ್ಣ ಗುದ್ದಲಿ 4, ಬಕೆಟ್ 10. ಹಳೇ ಪಾತ್ರೆ, ಸೌಟು, ಸೀರೆ, ರಟ್ಟಿನ ಡಬ್ಬ ಎಷ್ಟಿದ್ರೂ ಸಾಲಲ್ಲ.

ಹಾಳೆಬಂಡಿ
ಅಡಿಕೆ ಹಾಳೆ ಮರೆತೇ ಬಿಟ್ರಲ್ಲ ಮಾರಾಯ್ರೆ! ಒಬ್ಬ ಹಾಳೆ ಮೇಲೆ ಕೂತು, ಇನ್ನೊಬ್ಬ ಸೋಗೆ ತುದಿ ಹಿಡಿದು ಎಳೆಯೋದು. ಒಂದು ಪೈಸೆ ಖರ್ಚಿಲ್ಲ.

ಹಗ್ಗಗಂಟು
ತಪ್ಪಾಯ್ತು 😄 ಹಾಳೆ ಸೇರಿಸಿ. ಮಳೆಯಲ್ಲಿ ನೆನೆದ ಹಾಳೆ ಇನ್ನೂ ಚೆನ್ನಾಗಿ ಜಾರುತ್ತೆ, ಆದ್ರೆ ಸಿಮೆಂಟ್ ಅಂಗಳದ ಮೇಲೆ ಬೇಡ. ಎಳೆಯೋನು ಕೈ ಬಿಟ್ಟರೆ ಕೂತವನ ತಲೆ ಹಿಂದಕ್ಕೆ ಬಡಿಯುತ್ತೆ. ಹುಲ್ಲು, ಮಣ್ಣು ಮಾತ್ರ.

ಮಲಪ್ರಭಾ ದಂಡಿ
ಒಂದ್ ಮಾತ್ ಸ್ಪಷ್ಟ ಹೇಳ್ರಿ ಎಲ್ಲಾರಿಗೂ. ಹೊಳಿ ಇಳದ ಮ್ಯಾಲೆ ಉಳಿಯೋ ರಾಡಿ ಆಡೋ ಮಣ್ಣಲ್ರೀ. ಅದರಾಗ ಗಟಾರ ನೀರು, ಸತ್ತ ದನ, ಗೊಬ್ಬರ, ಬೆಳಿಗೆ ಹೊಡಿಯೋ ಎಣ್ಣಿ ಎಲ್ಲಾ ಕೂಡಿರತೈತಿ. 2019ರ ನೆರಿಯೊಳಗ ಊರಿಗೆ ಊರ ಇದರಾಗ ಮುಳುಗಿತ್ತು. ಮಣ್ಣಾಟ ಬೇಕಂದ್ರ ಎತ್ತರದ ಜಾಗಾದ್ದು ಹೊಸಾ ಮಣ್ಣು ಒಂದ್ ಟ್ರಾಲಿ ಹಾಕಸ್ರಿ, ನೀರು ಟ್ಯಾಂಕರಿಂದು. ಕಾಲಾಗ ಗಾಯ ಇದ್ದ ಹುಡುಗರಿಗೆ ಮೊದಲ ಗಾಯ ಮುಚ್ಚಿ ಬಿಡ್ರಿ. ಇಲಿಜ್ವರ ಬರೂದ ಹಂಗ.

ಕೆಸರುಕಾಲು
ಸರಿಯಾಗಿ ಹೇಳಿದ್ರಿ. ಇದರ ಜೊತೆ ಮೊದಲ ದಿನವೇ ಆಶಾ ಕಾರ್ಯಕರ್ತೆಯನ್ನ ಕರೆಸಿ ಮಕ್ಕಳ ಧನುರ್ವಾಯು ಲಸಿಕೆ ಆಗಿದೆಯಾ ನೋಡಿಸಿ. ಸರ್ಕಾರಿ ಪಟ್ಟಿ ಪ್ರಕಾರ 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ಕ್ಕೆ ಟಿಡಿ. ಹತ್ತನೇ ವರ್ಷದ್ದು ತಪ್ಪಿಸ್ಕೊಂಡ ಮಕ್ಕಳು ಇದ್ದೇ ಇರ್ತಾರೆ. ಇಲಿಜ್ವರದ ಮಾತ್ರೆ ಕೊಡಬೇಕಾ ಅನ್ನೋದು ವೈದ್ಯರ ತೀರ್ಮಾನ, ನಾವು ಹಂಚೋದಲ್ಲ.

ಹಗ್ಗಗಂಟು
ಬಿದ್ದ ಮನೆಯ ಸಾಮಾನನ್ನ ಆಟದ ಜಾಗಕ್ಕೆ ತರಬೇಡಿ. "ಹಾಳಾದ ಮರಮುಟ್ಟು ಹೇಗೂ ಬಿದ್ದಿದೆ, ಮಕ್ಕಳಿಗೆ ಕೊಡೋಣ" ಅಂತ ಎಲ್ಲರಿಗೂ ಹೊಳೆಯುತ್ತೆ. ಮನೆ ಕುಸಿದ ಕಡೆ ಸಿಮೆಂಟ್ ಶೀಟಿನ ಚೂರು ಇರುತ್ತೆ, ಅದರಲ್ಲಿ ಆಸ್ಬೆಸ್ಟಾಸ್. ಅದರ ಪುಡಿ ಉಸಿರಲ್ಲಿ ಹೋಗಬಾರದು. ಕೋಬೆ, ತೋಹೊಕು ಎರಡೂ ಕಡೆ ಅವಶೇಷ ತೆಗೆಯುವಾಗ ಇದೇ ದೊಡ್ಡ ತಲೆನೋವಾಗಿತ್ತು. ಎರಡನೇದು, ಆ ಬಾಗಿಲು ಯಾರದೋ ಮನೆಯ ಬಾಗಿಲು. ಅವರ ಕಣ್ಣೆದುರಿಗೇ ಅದಕ್ಕೆ ಮೊಳೆ ಹೊಡೆಸೋದಾ?

ತೋಟದ ಕಡೆ ಸಿಗೋ ಪ್ಲಾಸ್ಟಿಕ್ ಕ್ಯಾನು, ಡ್ರಮ್ಮಿನಲ್ಲಿ ಔಷಧಿ ಇದ್ದಿದ್ದರೆ ತೊಳೆದರೂ ಬೇಡ. ಮರದ ಪ್ಯಾಲೆಟ್ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಅಂದ್ರೆ ಬಿಸಿ ಮಾಡಿ ಹುಳ ತೆಗೆದದ್ದು, ತಗೊಳ್ಳಿ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟದ್ದು, ಬಿಡಿ. ಟೈರಿನಲ್ಲಿ ತಂತಿ ಹೊರಗೆ ಬಂದಿದ್ರೆ ಬೇಡ. ಒಳ್ಳೆಯ ಟೈರಿಗೂ ಸುತ್ತ ನಾಲ್ಕೈದು ಕಡೆ ತೂತು ಕೊರೆಯಿರಿ, ಇಲ್ಲದಿದ್ರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಘಟ್ಟದಂಚು
ಬಾಗಿಲಿನ ವಿಷಯ ತಲೆಗೇ ಬಂದಿರಲಿಲ್ಲ. ಜಾಗದ ಬಗ್ಗೆ?

ತೋಡಿನ ದಂಡೆ
ಮೊದಲು ಬರೆ ನೋಡಿ. ಕೊಡಗಿನ ಕಡೆ ಮನೆ, ಶಾಲೆ ಹಿಂದೆಲ್ಲ ಗುಡ್ಡ ಕಡಿದ ಬರೆ ಇದ್ದೇ ಇರುತ್ತೆ, ಮಳೆಗೆ ಮೊದಲು ಬೀಳೋದು ಅದೇ. ಬರೆಯ ಎತ್ತರದ ಎರಡರಷ್ಟು ದೂರ ಬಿಡಿ ಅನ್ನೋದು ಅಂದಾಜಿನ ಲೆಕ್ಕ. ಮೇಲೆ ಬಿರುಕು ಕಂಡ್ರೆ, ಬುಡದಲ್ಲಿ ಹೊಸದಾಗಿ ಕೆಂಪು ನೀರು ಒಸರಿದ್ರೆ ಆ ಜಾಗದ ಯೋಚನೆಯೇ ಬಿಡಿ. ತಲೆ ಮೇಲೆ ವಿದ್ಯುತ್ ತಂತಿ, ನೆಲದಲ್ಲಿ ಹಳೇ ಬಾವಿ, ಶೌಚದ ಗುಂಡಿಯ ಮುಚ್ಚಳ, ಇವನ್ನೂ ನೋಡ್ಕೊಳ್ಳಿ.

ಆಮೇಲೆ ನೆಲ ಗುಡಿಸೋದು. 20×25 ಮೀಟರ್ ಜಾಗಕ್ಕೆ ಆರು ಜನ ಕೈಗೆ ಕೈ ತಾಗೋ ಹಾಗೆ ಸಾಲಾಗಿ ನಿಂತು, ಪಟ್ಟಿ ಪಟ್ಟಿಯಾಗಿ ಇಡೀ ಜಾಗವನ್ನ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ನಡೆದು ಮುಗಿಸಿ. ಗಾಜು ಕಣ್ಣಿಗೆ ಬೀಳಬೇಕಂದ್ರೆ ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಬಿಚ್ಚಿ ದಾರ ಕಟ್ಟಿ ಎಳೆದ್ರೆ ಮೊಳೆ ತಾನಾಗೇ ಅಂಟಿಕೊಂಡು ಬರುತ್ತೆ. ಆ ಅಯಸ್ಕಾಂತವನ್ನ ಆಮೇಲೆ ಮಕ್ಕಳ ಕೈಗೇ ಕೊಡಿ. ದಿನಾ ಸಂಜೆ ಮೊಳೆ ಹೆಕ್ಕೋದು ಅವರಿಗೆ ಆಟಗಳಲ್ಲಿ ಒಂದು ಆಗ್ಬಿಡುತ್ತೆ.

ಜಾಗ ಪರಿಹಾರ ಕೇಂದ್ರದಿಂದ ಕಾಣೋ ಹಾಗಿರಬೇಕು, ಆದ್ರೆ ಬಾಗಿಲಿಗೇ ಅಂಟಿರಬಾರದು. ತಾಯಂದಿರಿಗೆ ಮಗು ಕಾಣಬೇಕು, ಮಲಗಿದವರಿಗೆ ಸುತ್ತಿಗೆ ಸದ್ದು ಕೇಳಬಾರದು. ನೆರೆ ಆದ ಮೇಲೆ ಹಾವು ಎತ್ತರದ ಜಾಗಕ್ಕೇ ಬರುತ್ತೆ, ಅದೂ ಮರದ ರಾಶಿ, ಮಡಚಿದ ತಾಡಪಾಲಿನ ಕೆಳಗೆ. ಸಾಮಾನನ್ನ ನೆಲದಿಂದ ಒಂದಡಿ ಮೇಲೆ ಅಟ್ಟಣಿಗೆ ಮಾಡಿ ಇಡಿ, ತೆರೆಯೋಕೆ ಮುಂಚೆ ಉದ್ದ ಕೋಲಲ್ಲಿ ತಟ್ಟಿ.

ಮಲಪ್ರಭಾ ದಂಡಿ
ತಾಡಪಾಲ ಅಂತೀರಲ್ಲ, ಅದ ನಮ್ಮ ತಾಡಪತ್ರಿನ ಏನ್ರಿ?

ಹಗ್ಗಗಂಟು
ಅದೇರೀ. ಅಂಗಡೀಲಿ ಟಾರ್ಪಾಲ್ ಅಂದ್ರೂ ಅದೇ ಕೊಡ್ತಾರೆ.

ಅದರಲ್ಲಿ ಜಾರುಬಂಡೆ ಮಾಡೋ ವಿಧಾನ: ಮೆಲ್ಲಗೆ ಇಳಿಯೋ ದಿಬ್ಬ, ಕೆಳಗೆ ಕನಿಷ್ಠ 5 ಮೀಟರ್ ಸಮತಟ್ಟು. ಮೊದಲು ದಿಬ್ಬದ ಮೇಲೆ ಬರಿಗಾಲಲ್ಲಿ ನಡೆದು ಕಲ್ಲು ಆರಿಸಿ. ಮೇಲಿನ ಅಂಚನ್ನ ಒಂದಡಿ ಆಳದ ಚರಂಡಿಯಲ್ಲಿ ಇಳಿಸಿ ಮಣ್ಣು ತುಂಬಿ ತುಳಿದುಬಿಡಿ. ಪಕ್ಕಕ್ಕೆ ಗೂಟ ಹೊಡೀಬೇಡಿ, ಜಾರೋ ಮಗು ಓರೆ ಹೋಗಿ ಅದಕ್ಕೇ ಬಡಿಯುತ್ತೆ. ಲೋಹದ ಬಳೆ ಇರೋ ಅಂಚು ಕೆಳಕ್ಕೆ ಮಡಚಿರಲಿ. ಸೋಪಿನ ನೀರು ಹಾಕಿದ್ರೆ ವೇಗ ಮಿತಿ ಮೀರುತ್ತೆ, ಬರೀ ನೀರು ಸಾಕು.

ಮೂರನೇ ಬೆಂಚು
ಸರಿ, ಒಪ್ಪಿದೆ. ಆದ್ರೆ ಒಂದು ಮಗು ಕೈ ಮುರ್ಕೊಂಡ್ರೆ? ಜಪಾನಿನಲ್ಲಿ "ನಿಮ್ಮ ಜವಾಬ್ದಾರಿಯಲ್ಲಿ ಸ್ವತಂತ್ರವಾಗಿ ಆಡಿ" ಅಂತ ಬೋರ್ಡ್ ಹಾಕ್ತಾರೆ. ನಮ್ಮಲ್ಲಿ ಅದೇ ಬೋರ್ಡ್ ಹಾಕಿದ್ರೆ ಹೆಡ್‌ಮಾಸ್ಟ್ರಿಗೆ ನೋಟಿಸ್ ಬರುತ್ತೆ.

ಕೆಸರುಕಾಲು
ಆ ಬೋರ್ಡು "ಬಿದ್ದರೆ ನಾವಲ್ಲ" ಅಂತ ಕೈ ತೊಳ್ಕೊಳ್ಳೋಕೆ ಹಾಕಿದ್ದಲ್ಲ. ಮಗುವಿಗೆ ಕಣ್ಣಿಗೆ ಕಾಣೋ ಅಪಾಯ, ಕಾಣದ ಅಪಾಯ ಅಂತ ಅಲ್ಲಿ ಎರಡು ಬೇರೆ ಮಾಡ್ತಾರೆ. ಜಪಾನಿನ ಸರ್ಕಾರ 2002ರಲ್ಲಿ ಪಾರ್ಕ್ ಸುರಕ್ಷತೆಗೆ ಕೊಟ್ಟ ಸೂಚನೆಯಲ್ಲೂ ಈ ವಿಂಗಡಣೆ ಇದೆ. ಕೊಂಬೆ ಎತ್ತರ ಇದೆ ಅನ್ನೋದು ಮಗುವಿಗೆ ಕಾಣುತ್ತೆ, ಎಷ್ಟು ಹತ್ತಬೇಕು ಅನ್ನೋದು ಅದರ ಲೆಕ್ಕ. ಕೊಂಬೆ ಒಳಗೆ ಗೆದ್ದಲು ತಿಂದಿದೆ ಅನ್ನೋದು ಕಾಣಲ್ಲ. ಅದು ಪೂರ್ತಿ ದೊಡ್ಡವರ ಜವಾಬ್ದಾರಿ.

ಕೈ ಮುರಿಯೋ ಸಾಧ್ಯತೆ ಇದ್ದೇ ಇದೆ, ಸುಳ್ಳು ಹೇಳಬಾರದು. ಅದಕ್ಕೇ ಶುರುವಿನಲ್ಲೇ ಪೋಷಕರ ಸಭೆ ಕರೆದು ಗರಗಸ ತೋರಿಸಿ, ಬೆಂಕಿ ಗುಂಡಿ ತೋರಿಸಿ, ಬೇಡ ಅನ್ನೋರಿಗೆ ಬೇಡ ಅನ್ನೋಕೆ ಅವಕಾಶ ಕೊಡಿ. ಗ್ರಾಮ ಪಂಚಾಯಿತಿ, ಶಾಲೆ ಜಾಗ ಆದ್ರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ಎರಡೂ ಕಡೆ ಬರವಣಿಗೆಯಲ್ಲಿ ಒಪ್ಪಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ದೂರ, ಮಧ್ಯಾಹ್ನದ ಮೇಲೆ ಅಲ್ಲಿ ಯಾರಿರ್ತಾರೆ, ಯಾರ ಜೀಪು ಸಿಗುತ್ತೆ, ಇಷ್ಟು ಗೋಡೆ ಮೇಲೆ ಬರೆದಿರಲಿ.

ಇನ್ನೊಂದು, ಅಲ್ಲಿನವರು ದಿನಾ ಬರೆಯೋ "ಹಿಯಾರಿ-ಹತ್ತೊ" ಪುಸ್ತಕ. ಹಿಯಾರಿ ಅಂದ್ರೆ ಮೈ ಝುಮ್ ಅನ್ನೋದು, ಹತ್ತೊ ಅಂದ್ರೆ ಬೆಚ್ಚಿ ಬೀಳೋದು. ಗಾಯ ಆಗಲಿಲ್ಲ, ಆದ್ರೆ ಸ್ವಲ್ಪದರಲ್ಲಿ ತಪ್ಪಿತು ಅನ್ನೋದನ್ನೆಲ್ಲ ಬರೆದಿಡೋದು. "ಸುತ್ತಿಗೆ ತಲೆ ಕಳಚಿ ಹಾರಿತು" ಅಂತ ಎರಡು ಸಲ ಬಂದ್ರೆ ಮೂರನೇ ದಿನ ಎಲ್ಲ ಸುತ್ತಿಗೆ ಹಿಡಿಗೂ ಆಪು ಬಡಿದು ಬಿಗಿ ಮಾಡ್ತೀರಿ. ಗಾಯದ ಪುಸ್ತಕಕ್ಕಿಂತ ಇದು ಮುಖ್ಯ.

ಹಗ್ಗಗಂಟು
ಕೊಂಬೆ ಮಾತು ಬಂದಿದ್ದಕ್ಕೆ: ಹಗ್ಗದ ಉಯ್ಯಾಲೆಗೆ ಹುಣಸೆ, ಹಲಸು, ಮಾವು. ಹಸಿ ಕೊಂಬೆ, ದಪ್ಪ ಕನಿಷ್ಠ 15 ಸೆಂ.ಮೀ. ನುಗ್ಗೆ, ಬೂರುಗ ಬೇಡವೇ ಬೇಡ. ತೋಟದ ಸಿಲ್ವರ್ ಓಕ್ ನೋಡೋಕೆ ನೆಟ್ಟಗಿರುತ್ತೆ, ಕೊಂಬೆ ಲಟಕ್ ಅಂತ ಮುರಿಯುತ್ತೆ. ಕೊಂಬೆಗೆ ಗೋಣಿ ಸುತ್ತಿ ಅದರ ಮೇಲೆ ಹಗ್ಗ ಎರಡು ಸುತ್ತು, ಎರಡು ಅರ್ಧಗಂಟು. ಹಗ್ಗ 16 ಮಿ.ಮೀ.ಗಿಂತ ಕಡಿಮೆ ಬೇಡ, ತೆಳು ಹಗ್ಗ ಶಕ್ತಿ ಇದ್ರೂ ಕೈಗೆ ಹಿಡಿತ ಸಿಗಲ್ಲ. ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಣಗಿ ಮೇಲೆಲ್ಲ ಬಿಳಿ ಪುಡಿ ಬಿಡುತ್ತೆ. ಆ ಪುಡಿ ಕಂಡ ದಿನ ಎಸೆದುಬಿಡಿ. ನೆನಪಿಡಿ, ಗಂಟು ಹಾಕಿದ ಕಡೆ ಹಗ್ಗದ ಶಕ್ತಿ ಮೂರನೇ ಒಂದರಷ್ಟು ಇಳಿಯುತ್ತೆ, ಕೆಲವು ಗಂಟಿನಲ್ಲಿ ಅರ್ಧ. ದಿನಾ ಇಬ್ಬರು ದೊಡ್ಡವರು ಒಟ್ಟಿಗೆ ಜೋತು ಬಿದ್ದು ನೋಡಿದ ಮೇಲೆ ಮಕ್ಕಳಿಗೆ.

ಹಾಳೆಬಂಡಿ
ಬೆಂಕಿ ಅಂದ್ರಲ್ಲ, ಕೇಂದ್ರದಲ್ಲಿ ಬೆಂಕಿಗೆ ಯಾರು ಒಪ್ತಾರೆ?

ತೋಡಿನ ದಂಡೆ
ಮಳೆಗಾಲದಲ್ಲಿ ಬೆಂಕಿ ಇದ್ದರೆ ಮಕ್ಕಳು ಅದರ ಸುತ್ತ ತಾವಾಗೇ ಕೂತು ಮಾತಾಡ್ತಾರೆ. ಹಲಸಿನ ಬೀಜ ಸುಡೋ ನೆಪ ಸಾಕು. 60 ಸೆಂ.ಮೀ. ಅಗಲ, ಒಂದು ಗೇಣು ಆಳದ ಗುಂಡಿ, ಸುತ್ತ ಎರಡು ಹೆಜ್ಜೆ ಖಾಲಿ. ಮರಳಿನ ಬಕೆಟ್ 2, ನೀರಿನದ್ದು 2. ಹೊಳೆ ಕಲ್ಲು ಇಡಬೇಡಿ, ಒಳಗಿನ ನೀರು ಆವಿಯಾಗಿ ಸಿಡಿಯುತ್ತೆ. ಕೇಂದ್ರದಲ್ಲಿ ಹಂಚೋ ಬಟ್ಟೆ ಬಹಳಷ್ಟು ನೈಲಾನ್, ಪಾಲಿಯೆಸ್ಟರ್. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ. ಬೆಂಕಿ ಬಳಿ ಹತ್ತಿ ಬಟ್ಟೆ, ಒಬ್ಬ ದೊಡ್ಡವರು ಅಲ್ಲಿಂದ ಏಳಬಾರದು. ಗ್ಯಾಸ್ ಸಿಲಿಂಡರ್ ಇರೋ ಅಡುಗೆ ಶೆಡ್ಡಿನ ಹತ್ತಿರ ಅಂತೂ ಬೇಡ. ಇಷ್ಟು ನಿಭಾಯಿಸೋ ಜನ ಇಲ್ಲದಿದ್ರೆ ಬೆಂಕಿ ಕೈಬಿಡಿ, ಉಳಿದದ್ದು ನಡೆಯುತ್ತೆ.

ಬುಗುರಿ
ಈಗ ಮೂರನೇ ಪ್ರಶ್ನೆ. ಅದನ್ನ ಯಾರೂ ಮುಟ್ಟಲೇ ಇಲ್ಲ, ಎಲ್ಲ ಹಗ್ಗದಲ್ಲೇ ಜೋತಾಡ್ತಿದೀರಿ.

ಜಪಾನಿ ಭಾಷೆಯಲ್ಲಿ "ಗೊಕ್ಕೊ" ಅಂದ್ರೆ ನಮ್ಮ ಅಪ್ಪ-ಅಮ್ಮ ಆಟ, ಅಂಗಡಿ ಆಟದ ಥರ ನಟಿಸೋ ಆಟ. ಕೋಬೆಯಲ್ಲಿ ಮಕ್ಕಳು ಭೂಕಂಪ-ಗೊಕ್ಕೊ ಆಡಿದರು, ತೋಹೊಕುವಿನಲ್ಲಿ ಸುನಾಮಿ-ಗೊಕ್ಕೊ. ಎತ್ತರದ ಕಡೆ ಹತ್ತಿ "ಸುನಾಮಿ ಬಂತು, ಓಡಿ!" ಅಂತ ಕೂಗೋದು, ಕಟ್ಟಿದ್ದನ್ನ ಕೆಡವೋದು, ಮತ್ತೆ ಕಟ್ಟೋದು. ನೋಡಿದ ದೊಡ್ಡವರಿಗೆ ಎದೆ ಧಸಕ್ ಅನ್ನುತ್ತೆ. ಅಮಾನೊ ಮತ್ತೆ ಅಲ್ಲಿನ ಮನಃಶಾಸ್ತ್ರಜ್ಞರು ಹೇಳಿದ್ದು: ತಡೀಬೇಡಿ, ನೀವಾಗಿ ಆಡಿಸಲೂಬೇಡಿ. ಹತ್ತಿರ ಇರಿ. ನಿಜವಾದ ಅಲೆ ಬಂದಾಗ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ಅಲೆ ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು ಅನ್ನೋದನ್ನ ಮಗುವೇ ಹೇಳುತ್ತೆ.

ಮೂರನೇ ಬೆಂಚು
ಮನೆಯವರನ್ನ ಕಳ್ಕೊಂಡ ಮಗು ಪಕ್ಕದಲ್ಲೇ ನಿಂತಿದ್ರೆ? ಅದರ ಮುಂದೆ "ಗುಡ್ಡ ಬಿತ್ತು" ಅಂತ ಕುಣಿಯೋಕೆ ಬಿಡ್ತೀರಾ? ಇದನ್ನ ಒಪ್ಪೋಕಾಗಲ್ಲ.

ಕೆಸರುಕಾಲು
ಇದು ಸರಿಯಾದ ಆಕ್ಷೇಪ, ಸುಲಭದ ಉತ್ತರ ಇಲ್ಲ. ಜಾಗ ದೊಡ್ಡದಿರಬೇಕು ಅನ್ನೋದಕ್ಕೆ ಇದೂ ಒಂದು ಕಾರಣ. ಆ ಮಗು ದೂರ ಹೋಗಿ ಬೇರೇನೋ ಮಾಡೋಕೆ ಇನ್ನೊಂದು ಮೂಲೆ ಬೇಕು: ಬೆಂಕಿ, ಅಡುಗೆ ಆಟ, ಸುಮ್ಮನೆ ಮಲಗೋ ಗೋಣಿಚೀಲದ ಗುಡಿಸಲು. ಒಬ್ಬ ದೊಡ್ಡವರು ಆಟದ ಕಡೆ, ಇನ್ನೊಬ್ಬರು ಆ ಮಗುವಿನ ಕಡೆ. ಇಬ್ಬರಿಗಿಂತ ಕಡಿಮೆ ಜನ ಇಟ್ಟುಕೊಂಡು ಬಾಗಿಲು ತೆರೆಯಬೇಡಿ ಅನ್ನೋದು ಇದಕ್ಕೇ. ಅಳೋ ಹಿರಿಯರು ಯಾರಾದ್ರೂ "ನಿಲ್ಸಿ" ಅಂದ್ರೆ ಅವರನ್ನ ಆಚೆ ಕರ್ಕೊಂಡು ಹೋಗಿ ಕೂರಿಸಿ ಮಾತಾಡಿ. ಮಕ್ಕಳನ್ನ ಬೈದು ಓಡಿಸಿದ್ರೆ ಆ ಆಟ ನಿಲ್ಲಲ್ಲ, ಶೌಚಾಲಯದ ಹಿಂದಕ್ಕೆ ಹೋಗುತ್ತೆ, ಅಲ್ಲಿ ನೋಡೋರು ಯಾರೂ ಇರಲ್ಲ.

ಯಾವಾಗ ಎಚ್ಚರ ವಹಿಸಬೇಕು ಅನ್ನೋದಕ್ಕೆ ಅಮೆರಿಕದ ಮನೋವೈದ್ಯೆ ಲೆನೋರ್ ಟೆರ್ ಅವರ ಕೆಲಸ ಉಪಯೋಗಕ್ಕೆ ಬರುತ್ತೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ ಸಮೇತ ಅಪಹರಣ ಆದ 26 ಮಕ್ಕಳಲ್ಲಿ ಬಹುತೇಕರನ್ನ ಅವರು ಹಿಂಬಾಲಿಸಿ ನೋಡಿದ್ದರು. ಕೆಲವು ಮಕ್ಕಳ ಆಟದಲ್ಲಿ ಖುಷಿಯೇ ಇಲ್ಲ, ಅದೇ ಅದೇ ಮಾತು, ಅದೇ ಕೊನೆ. ಎಷ್ಟು ಸಲ ಆಡಿದ್ರೂ ಹಗುರ ಆಗಲ್ಲ. ಗಮನಿಸಬೇಕಾದ್ದು ಇದು: ಆಟ ದಿನ ಕಳೆದಂತೆ ಬದಲಾಗ್ತಿದೆಯಾ? ಮೊದಲ ವಾರ ಎಲ್ಲರೂ ಸಾಯ್ತಾರೆ, ಮೂರನೇ ವಾರ ಒಬ್ಬ ಹಗ್ಗ ಎಸೀತಾನೆ, ನಾಯಿ ಬದುಕುತ್ತೆ, ಜೆಸಿಬಿ ಬರುತ್ತೆ ಅಂದ್ರೆ ಸುಮ್ಮನೆ ಬಿಡಿ. ವಾರಗಟ್ಟಲೆ ಒಂಚೂರೂ ಬದಲಾಗದೆ, ಆಡಿದ ಮೇಲೆ ಮಗು ಇನ್ನಷ್ಟು ಬಿಗಿಯಾಗ್ತಿದ್ರೆ ಸಹಾಯ ಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಒರಿಸ್ಸಾ ಚಂಡಮಾರುತ, ಗುಜರಾತ್ ಭೂಕಂಪ, 2004ರ ಸುನಾಮಿ, ಇವೆಲ್ಲದರಲ್ಲೂ ಕೆಲಸ ಮಾಡಿದ ನಿಮ್ಹಾನ್ಸ್ ನಮ್ಮ ಬೆಂಗಳೂರಲ್ಲೇ ಇದೆ.

ತೋಡಿನ ದಂಡೆ
ಗುಡ್ಡ ಕುಸಿತದ ಆಟಕ್ಕೆ ಒಂದು ನಿಜವಾದ ಅಪಾಯ ಇದೆ, ಮನಸ್ಸಿನದ್ದಲ್ಲ. ಮಕ್ಕಳು ಮಣ್ಣು ಗುಡ್ಡೆ ಹಾಕಿ, ಅದರ ಬುಡ ಕೊರೆದು, ನೀರು ಬಿಟ್ಟು ಕೆಡವ್ತಾರೆ. ಗುಡ್ಡೆ ಮಂಡಿಗಿಂತ ಎತ್ತರ ಬೇಡ, ಗುಂಡಿಯೂ ಮಂಡಿ ಆಳ ಸಾಕು. ಸುರಂಗ ಕೊರೆದು ಒಳಗೆ ತಲೆ ಹಾಕೋದಕ್ಕೆ ಮಾತ್ರ ಖಡಾಖಂಡಿತ "ಇಲ್ಲ". ಒದ್ದೆ ಮಣ್ಣು ಒಂದು ಬುಟ್ಟಿ ಬಿದ್ದರೂ ಉಸಿರು ನಿಲ್ಲುತ್ತೆ. ಇಡೀ ಜಾಗದಲ್ಲಿ ಕೂಡದು ಅಂತ ಹೇಳಬೇಕಾದ ನಾಲ್ಕೈದು ಮಾತುಗಳಲ್ಲಿ ಇದೊಂದು.

ಹಾಳೆಬಂಡಿ
ಎಲ್ಲೋ ಓದಿದ ಪ್ರಕಾರ ಮೊಟ್ಟಮೊದಲ ಇಂಥ ಜಾಗ ಡೆನ್ಮಾರ್ಕಿನಲ್ಲಿ ಬಾಂಬ್ ಬಿದ್ದ ಜಾಗದಲ್ಲಿ ಶುರುವಾಗಿದ್ದಂತೆ?

ಬುಗುರಿ
ಅರ್ಧ ಸರಿ. 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರುಪ್‌ನಲ್ಲಿ, ಊರು ಜರ್ಮನ್ನರ ಹಿಡಿತದಲ್ಲಿದ್ದ ಕಾಲದಲ್ಲಿ. ಆದ್ರೆ ಅದು ಬಾಂಬ್ ಬಿದ್ದ ಜಾಗ ಅಲ್ಲ, ಹೊಸ ವಸತಿ ಬಡಾವಣೆ. ಸೋರೆನ್‌ಸೆನ್ ಅನ್ನೋ ಉದ್ಯಾನ ವಿನ್ಯಾಸಕಾರನ ಕಲ್ಪನೆ. ತಾನು ಮಾಡಿದ ಚಂದದ ಪಾರ್ಕಿಗಿಂತ ಕಟ್ಟಡ ಕೆಲಸದ ಜಾಗದಲ್ಲಿ ಮಕ್ಕಳು ಹೆಚ್ಚು ಆಡೋದನ್ನ ಆತ ಗಮನಿಸಿದ್ದ. 1946ರಲ್ಲಿ ಅದನ್ನ ನೋಡಿ ಬಂದ ಇಂಗ್ಲೆಂಡಿನ ಉದ್ಯಾನ ವಿನ್ಯಾಸಕಿ ಲೇಡಿ ಅಲೆನ್ ಲಂಡನ್ನಿನ ಬಾಂಬ್ ಬಿದ್ದ ಜಾಗಗಳನ್ನ ಹೀಗೇ ಬಳಸೋಣ ಅಂತ ಬರೆದರು. ಎರಡೂ ಕಲಸಿಹೋಗಿದೆ.

ಘಟ್ಟದಂಚು
ದೊಡ್ಡವರು ಹೇಗಿರಬೇಕು ಅನ್ನೋದು ಇನ್ನೂ ಸ್ಪಷ್ಟ ಆಗಲಿಲ್ಲ. ಆಟ ಹೇಳಿಕೊಡೋದಾ, ನೋಡ್ತಾ ಕೂರೋದಾ?

ಕೆಸರುಕಾಲು
ಸೀಟಿ ಊದಿ "ಎಲ್ಲ ಸಾಲಾಗಿ ನಿಲ್ಲಿ" ಅನ್ನೋರು ಬೇಡ. ಕೈ ಕಟ್ಟಿ ಕಾವಲುಗಾರನ ಹಾಗೆ ನಿಂತ್ರೂ ಮಕ್ಕಳು ಆಡಲ್ಲ. ಕೈಯಲ್ಲಿ ನಿಮ್ಮದೇ ಒಂದು ಕೆಲಸ ಇರಲಿ: ಟ್ಯೂಬ್ ಪಟ್ಟಿ ಕತ್ತರಿಸೋದು, ಬಾಗಿದ ಮೊಳೆ ನೆಟ್ಟಗೆ ಮಾಡೋದು. ಕಣ್ಣು ಸುತ್ತ ಇರಲಿ. ಸ್ವಲ್ಪ ಹೊತ್ತಿಗೆ ಒಬ್ಬ ಬಂದು ಪಕ್ಕ ಕೂರ್ತಾನೆ, ಮೊಳೆ ಬಡೀತಾನೆ. "ನಿಂಗೆ ಏನಾಯ್ತು, ಮನೆ ಹೋಯ್ತಾ?" ಅಂತ ಕೇಳಬೇಡಿ. ಹೇಳೋದಿದ್ರೆ ಮೊಳೆ ಬಡೀತಾ ಅವನೇ ಹೇಳ್ತಾನೆ, ನೀವು ಬಡಿಯೋದು ನಿಲ್ಲಿಸಬೇಡಿ.

ಅದೇ ಮುಖ, ಅದೇ ಹೊತ್ತು. ವಾರಕ್ಕೆ ಮೂರು ದಿನ 3ರಿಂದ 5.30 ಅಂದ್ರೆ ಮಳೆ ಬಂದ್ರೂ ಬಾಗಿಲು ತೆರೀಬೇಕು. ಒಂದು ಭಾನುವಾರ ಟೀ ಶರ್ಟ್ ಹಾಕ್ಕೊಂಡು ಐವತ್ತು ಜನ ಬಂದು, ಬಲೂನು ಹಂಚಿ, ಫೋಟೋ ತೆಗೆದು ಹೋಗೋದು ಬೇಡ. ಫೋಟೋ ನಿಷೇಧ ಅಂತಲೇ ಬರೆದು ಹಾಕಿ.

ಮಲಪ್ರಭಾ ದಂಡಿ
ಹೆಣ್ಣ್ಮಕ್ಕಳ ಮಾತ ಯಾರೂ ಎತ್ತಲಿಲ್ಲ. ಹಿಂಗ ಬಿಟ್ರ ಎಂಟ್ ದಿನದಾಗ ಬರೇ ಗಂಡ್ ಹುಡುಗರ ಉಳೀತಾವ. ಹನ್ನೊಂದು ವರ್ಸದ ಹುಡುಗಿ ಬರತಾಳಂದ್ರ ಟೊಂಕದ ಮ್ಯಾಲೆ ತಮ್ಮನ್ ಹೊತ್ಕೊಂಡ ಬರತಾಳ. "ಸಣ್ಣ ಕೂಸು ತರಬ್ಯಾಡ" ಅಂದ್ರ ಆಕಿನೂ ಬರೂದಿಲ್ಲ. ಕೂಸಿಗೆ ಒಂದ್ ಜೋಳಿಗಿ ಕಟ್ರಿ ನೆರಳಾಗ, ನೋಡಾಕ ಒಬ್ಬಾಕಿ ಅಜ್ಜಿನ್ ಕೂಡಸ್ರಿ. ಸಂಡಾಸ ಹತ್ರ ಇರಬೇಕು, ಬಾಗಲಕ ಚಿಲಕ ಬೇಕು. ಬಟ್ಟಿ ರಾಡಿ ಆದ್ರ ಮನ್ಯಾಗ ಬೈಸ್ಕೊಳ್ಳಾಕಿ ಆಕಿನ, ಅದಕ್ಕ ಹಳೇ ಅಂಗಿ ಒಂದ್ ಗಂಟ ಇಟ್ಟಿರ್ರಿ ಮ್ಯಾಲೆ ಹಾಕ್ಕೊಳ್ಳಾಕ.

ಹಗ್ಗಗಂಟು
ಹಳೇ ಅಂಗಿ! ಪಟ್ಟಿಗೆ ಸೇರಿಸಬೇಕು ಇದನ್ನ.

ತೋಡಿನ ದಂಡೆ
ಲೈನ್ ಮನೆ ಮಕ್ಕಳನ್ನೂ ಮರೀಬೇಡಿ. ಕಾಫಿ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೆ ಕನ್ನಡ ಬರೋದು ಅಷ್ಟಕ್ಕಷ್ಟೆ. ಕಥೆ, ಹಾಡು, ಕೌನ್ಸೆಲಿಂಗ್ ಎಲ್ಲಕ್ಕೂ ಭಾಷೆ ಬೇಕು, ಸುತ್ತಿಗೆಗೆ ಬೇಡ.

ಮೂರನೇ ಬೆಂಚು
ಎಲ್ಲ ಸರಿ. ಮೂರು ತಿಂಗಳಾದ ಮೇಲೆ? ಸಂಸ್ಥೆಯವರು ಹೋಗ್ತಾರೆ, ತಾಡಪಾಲು ಯಾರದೋ ಕೊಟ್ಟಿಗೆ ಮೇಲೆ ಏರುತ್ತೆ. ಆಮೇಲೆ ಗುತ್ತಿಗೆದಾರ ಬಂದು ಕಬ್ಬಿಣದ ಜಾರುಬಂಡಿ ನಿಲ್ಲಿಸಿ ಹೆಸರಿನ ಕಲ್ಲು ಹಾಕಿಸಿ ಹೋಗ್ತಾನೆ.

ಬುಗುರಿ
ಅದಕ್ಕೇ ಊರಿನವರ ಕೈಯಲ್ಲಿರಬೇಕು ಅನ್ನೋದು. ಹಾನೆಗಿ ಇವತ್ತಿಗೂ ನಡೀತಿರೋದು ನಿವಾಸಿಗಳು ಬಿಡದೆ ಹಿಡಿದಿರೋದರಿಂದ. ಜಾಗ ವಾರ್ಡಿನದ್ದು, ನಡೆಸೋದು ಜನ, ಆಟದ ಜೊತೆಗಾರರಿಗೆ ಸಂಬಳ ಇದೆ. ಬರೀ ಸ್ವಯಂಸೇವೆ ಮೇಲೆ ಆರು ತಿಂಗಳಿಗಿಂತ ಎಳೆಯೋದು ಕಷ್ಟ. ಸ್ವಸಹಾಯ ಸಂಘದ ಇಬ್ಬರು ಹೆಣ್ಣುಮಕ್ಕಳು, ಪಿಯುಸಿ ಮುಗಿಸಿದ ಒಬ್ಬ ಹುಡುಗ, ಒಬ್ಬ ಬಡಗಿ, ಇಷ್ಟು ಜನರಿಗೆ ಗೌರವಧನ ಎಲ್ಲಿಂದ ಅಂತ ಮೊದಲು ನೋಡಿ, ಬಿದಿರು ಆಮೇಲೆ. ಪುನರ್ವಸತಿ ಬಡಾವಣೆಗೆ ಮನೆ ಬದಲಾದಾಗ ಆಟದ ಜಾಗವೂ ಜೊತೆಗೆ ಹೋಗಬೇಕು, ಹೊಸ ಊರಲ್ಲಿ ಪರಿಚಯದ ಮುಖ ಬೇಕಾಗೋದೇ ಆಗ. ಜಪಾನಿನಲ್ಲಿ ಸಾಮಾನನ್ನ ವ್ಯಾನಿಗೆ ತುಂಬಿ ತಾತ್ಕಾಲಿಕ ಮನೆಗಳ ಹತ್ತಿರಕ್ಕೇ ಒಯ್ಯೋ "ಪ್ಲೇ ಕಾರ್" ಇಟ್ಟರು. ನಮಗೆ ಒಂದು ಗೂಡ್ಸ್ ಆಟೋ ಸಾಕು.

ಘಟ್ಟದಂಚು
ಪಟ್ಟಿ ಬರ್ಕೊಂಡೆ. ಬಿದಿರು 20, ಗೋಣಿ 30, ತಾಡಪಾಲು 3, ಟ್ಯೂಬ್, ಹಾಳೆ, ಸುತ್ತಿಗೆ 6, ಮೊಳೆ 3 ಕೇಜಿ, ಗರಗಸ 2, ಹಳೇ ಅಂಗಿ, ಅಯಸ್ಕಾಂತ, ಪುಸ್ತಕ 1, ಜೋಳಿಗೆ. ಬೇರೆ?

ಹಗ್ಗಗಂಟು
ಪುಸ್ತಕ 2 ಮಾಡಿ, ಮಳೆಗೆ ಒಂದು ನೆನೆಯುತ್ತೆ. ಉಪಕರಣ ತೂಗುಹಾಕೋಕೆ ಒಂದು ಹಲಗೆ ಬೇಕು. ಪ್ರತಿಯೊಂದರ ಆಕಾರ ಬಣ್ಣದಲ್ಲಿ ಬರೆದಿಡಿ, ಮುಚ್ಚೋ ಹೊತ್ತಿಗೆ ಖಾಲಿ ಆಕಾರ ಕಂಡ್ರೆ ಏನು ಕಾಣೆಯಾಗಿದೆ ಅಂತ ಓದು ಬಾರದ ಮಗುವಿಗೂ ಗೊತ್ತಾಗುತ್ತೆ.

ಗರಗಸದ ವಿಷಯ: ನಮ್ಮ ಅಂಗಡೀಲಿ ಸಿಗೋ ಗರಗಸ ಹೆಚ್ಚಾಗಿ ತಳ್ಳುವಾಗ ಕೊಯ್ಯುತ್ತೆ, ಸಣ್ಣ ಕೈ ತಳ್ಳಿದ್ರೆ ತಗಡು ಬಾಗಿ ಸಿಕ್ಕಿಕೊಳ್ಳುತ್ತೆ. ಜಪಾನಿನದ್ದು ಎಳೆಯುವಾಗ ಕೊಯ್ಯುತ್ತೆ, ಮಕ್ಕಳಿಗೆ ಅದೇ ಸಲೀಸು. ಅದು ಸಿಗದಿದ್ರೆ ಹ್ಯಾಕ್‌ಸಾ ತಗೊಂಡು ಬ್ಲೇಡನ್ನ ಹಲ್ಲು ಹಿಡಿಯ ಕಡೆ ಬರೋ ಹಾಗೆ ತಿರುಗಿಸಿ ಹಾಕಿ. ನಿಧಾನ, ಆದ್ರೆ ಬಿದಿರಿಗೆ ಸಾಕು.

ಮಲಪ್ರಭಾ ದಂಡಿ
ಬ್ಲೇಡ್ ಜೋಡಿ ಹೆಚ್ಚಿಗಿ ತಗೋರಿ. ಹುಡುಗರು ಎರಡ ದಿನಕ್ಕ ಒಂದ್ ಮುರೀತಾವ.